ತೋಳಿಗೆ ಬಂದ ಅಮ್ಮ

ಒಂದು ವಾರದ ಮಟ್ಟಿಗೆ ನಾನು ದೇವತೆಯಾಗಿದ್ದೆ. ಅಂಥ ಕಷ್ಟ ನನ್ನ ಶತ್ರುವಿಗೂ ಬೇಡ.

ಐವತ್ತರ ದಶಕದ ನಡುವಿನ ಮಾತು ಇದು. ಆದೋನಿ ಮದ್ರಾಸನ್ನು ಬಿಟ್ಟು ಆಂಧ್ರಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನನ್ನ ಗಂಡ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ಅಷ್ಟೇ. ಹತ್ತಿಯ ಸುಗ್ಗಿ ಬಂತೆಂದರೆ ನಮ್ಮ ಓಣಿಯಲ್ಲಿ ಬಂಡಿಗಳ ನಡುವೆ ದಾರಿ ಹುಡುಕಿಕೊಂಡು ಓಡಾಡಬೇಕು. ಹತ್ತಿ ತುಂಬಿದ ಅಂಡಿಗೆಗಳಿಂದ ಹಾರಿದ ಅರಳೆ ತಲೆಗೂದಲಿಗೆ ಹತ್ತುತ್ತಿತ್ತು, ಒಣಹಾಕಿದ ಸೀರೆಗೆ ಹತ್ತುತ್ತಿತ್ತು, ತಟ್ಟಿದ ರೊಟ್ಟಿಯಲ್ಲೂ ಸಿಗುತ್ತಿತ್ತು. ರೊಟ್ಟಿಯಲ್ಲಿ ಸಿಕ್ಕರೆ ಅದು ನನ್ನ ತಪ್ಪು. ನಮ್ಮತ್ತೆಯ ಲೆಕ್ಕದಲ್ಲಿ ಆ ಊರಿನಲ್ಲಿ ಹಾರುವ ಹತ್ತಿಗೆಲ್ಲ ನಾನೇ ಜವಾಬ್ದಾರಳು.

ನನಗಿದ್ದವಳು ಒಬ್ಬಳೇ ತಂಗಿ. ಅವ್ವ ಬೇಗ ಹೋದದ್ದರಿಂದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ಅವಳನ್ನು ಹೊಳಗುಂದದ ಒಂದು ಒಕ್ಕಲುತನದ ಮನೆಗೆ ಕೊಟ್ಟಿದ್ದೆವು. ಹಿಂದಿನ ವರ್ಷ ಅವಳ ಚೊಚ್ಚಲ ಕೂಸು ಹುಟ್ಟಿದ್ದೇ ಕಣ್ಣು ಮುಚ್ಚಿತ್ತು. ಆಗ ನಾನು ಹತ್ತಿರ ಇರಲಿಲ್ಲ. ಸುಗ್ಗಿಯಲ್ಲಿ ನೀನು ಹೋದರೆ ಅಡಿಗೆ ಯಾರು ಮಾಡಬೇಕು ಅಂತ ನಮ್ಮತ್ತೆ ಬಂಡಿ ತಡೆದಿದ್ದರು. ಈ ವರ್ಷ ಮತ್ತೆ ಬಸುರಿ. ಸಂಕ್ರಾಂತಿಗೆ ಹೋದಾಗ ನನ್ನ ಕೈ ಹಿಡಿದುಕೊಂಡು, "ಈ ಸಲ ನೀ ಬಂದು ನನ್ನ ಬಾಜೂ ಕುಂದ್ರಬೇಕಕ್ಕ. ಮನಿತುಂಬ ಮಂದಿ ಅದಾರ, ಖರೆ. ಆದ್ರ ನಂಗ ಹೆದರಿಕಿ ಹೋಗಂಗಿಲ್ಲ" ಅಂದಿದ್ದಳು. ಬಂದೇ ಬರುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೆ. ಆ ವರ್ಷ ನನಗೆ ಬೇಕಾಗಿದ್ದದ್ದು ಅದೊಂದೇ.

ಶಿವರಾತ್ರಿ ಕಳೆದ ಮೇಲೆ ಊರಿನ ಕೆಲವು ಓಣಿಗಳಲ್ಲಿ ಸಿಡುಬು ಕಾಣಿಸಿಕೊಂಡಿತು. ಸಿಡುಬು ಅಂತ ಹೆಸರು ಹಿಡಿದು ಯಾರೂ ಹೇಳುತ್ತಿರಲಿಲ್ಲ. ಅಮ್ಮ ಬಂದಾಳ, ತಾಯಿ ಆಡಾಕ ಹತ್ಯಾಳ ಅನ್ನುತ್ತಿದ್ದರು. ಮುನಿಸಿಪಾಲಿಟಿಯವರು ಸಿಡುಬು ತಡೆಯುವ ಟೀಕಾ ಹಾಕುವವನನ್ನು ಓಣಿ ಓಣಿಗೆ ಕಳಿಸಿದರು. ನನಗೆ ಚಿಕ್ಕಂದಿನಲ್ಲೇ ಒಮ್ಮೆ ಹಾಕಿಸಿದ್ದರು, ತೋಳಿನ ಮೇಲೆ ಗುರುತೂ ಇತ್ತು. ಆದರೂ ಯೋಚಿಸಿದೆ: ಸಿಡುಬಿನ ಊರಿನಿಂದ ಹೆರುವ ಮನೆಗೆ ಹೋಗುವವಳು ನಾನು. ರೋಗ ಹೊತ್ತುಕೊಂಡು ಹೋಗುವುದಕ್ಕಿಂತ ಇನ್ನೊಮ್ಮೆ ಹಾಕಿಸಿಕೊಂಡು ಹೋಗುವುದು ಮೇಲು. ಹೀಗೆ ತಂಗಿಯ ಸಲುವಾಗಿಯೇ, ಬುದ್ಧಿ ಉಪಯೋಗಿಸಿ, ನನ್ನ ಕಾಲಿನಿಂದ ನಾನೇ ನಡೆದು ಹೋಗಿ ತೋಳು ಒಡ್ಡಿದೆ. ಬುದ್ಧಿ ಉಪಯೋಗಿಸಿದವರಿಗೆ ಏನಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

"ಸುಮ್ಮನಿದ್ದಾಕಿನ್ನ ಕರದು ಮನಿಗೆ ಯಾಕ ತರ್ತಿ?" ಅಂತ ನಮ್ಮತ್ತೆ ಬಾಗಿಲಲ್ಲೇ ಗೊಣಗಿದರು. ಅವರಂತೂ ತೋಳು ತೋರಿಸಲೇ ಇಲ್ಲ, ಹಿತ್ತಲಿಗೆ ಹೋಗಿ ಕುಳಿತರು.

ಟೀಕಾದವನು ಕಟ್ಟೆಯ ಮೇಲೆ ಕುಳಿತು ಒಂದು ಪುಟ್ಟ ದೀಪ ಹಚ್ಚಿಕೊಂಡಿದ್ದ. ಹಿಡಿಕೆಯ ತುದಿಯಲ್ಲಿ ಹಲ್ಲುಗಳಿದ್ದ ಸಣ್ಣ ಬಿಲ್ಲೆ. ಅದನ್ನು ಬೆಂಕಿಗೆ ಹಿಡಿದು, ಆರಿಸಿ, ತೋಳಿನ ಮೇಲೆ ಮದ್ದು ಬಿಟ್ಟು ಒತ್ತಿ ತಿರುಗಿಸುತ್ತಿದ್ದ. ಒಂದು ಸಲ ಹಾಕಿಸಿಕೊಂಡಿದ್ದೇನೆ, ತೊಂದರೆ ಇಲ್ಲವಲ್ಲ ಎಂದು ಕೇಳಿದೆ. ಅವನು ತಲೆ ಎತ್ತಲಿಲ್ಲ. "ಏಂ ಕಾದಮ್ಮಾ. ರೆಂಡೋಸಾರಿ ಲೇವದು" ಅಂದ. ಏನೂ ಆಗುವುದಿಲ್ಲ, ಎರಡನೇ ಸಲ ಹಾಕಿದ್ದು ಏಳುವುದೇ ಇಲ್ಲ ಅಂತ. ಸರಕಾರದ ಮನುಷ್ಯ ಹೇಳಿದ ಮೇಲೆ ನಂಬದೆ ಏನು ಮಾಡುವುದು?

ಏಳಲಿಲ್ಲವೇ! ಮೊದಲು ತುರಿಕೆ. ಆಮೇಲೆ ಕೆಂಪು. ಆಮೇಲೆ ತೋಳು ಉಬ್ಬುತ್ತಾ ಹೋಗಿ ಕುಪ್ಪಸದ ಹೊಲಿಗೆ ಬಿಚ್ಚಬೇಕಾಯಿತು. ಕಂಕುಳಲ್ಲಿ ನಿಂಬೆಕಾಯಿಯಷ್ಟು ಗಡ್ಡೆ ಕಟ್ಟಿ, ಕೈ ಕೆಳಗೆ ಬಿಟ್ಟರೂ ನೋವು, ಮೇಲೆತ್ತಿದರೂ ನೋವು. ಕೊಡ ಎತ್ತಲಾಗದು, ರೊಟ್ಟಿ ತಟ್ಟಲಾಗದು, ಹೆರಳು ಹಾಕಿಕೊಳ್ಳಲಾಗದು. ಹಿಂದೆಯೇ ಚಳಿಜ್ವರ. ಎಲುಬಿನೊಳಗೆ ಯಾರೋ ಕೂತು ಬೀಸುತ್ತಿದ್ದಾರೆ ಅನ್ನುವ ಹಾಗೆ ಮೈ ನೋಯುತ್ತಿತ್ತು. ನೋವನ್ನಾದರೂ ತಾಳಬಹುದು, ತುರಿಕೆಯನ್ನು ತಾಳಲಾಗದು. ಕೆರೆಯಬಾರದು ಎಂದು ಹೇಳುವವರಿಗೆ ಒಮ್ಮೆ ಆ ತುರಿಕೆ ಬರಬೇಕು.

ಅದರ ಮೇಲೆ ಓಣಿಯವರ ಉಪದೇಶ. ಒಬ್ಬಳು ಬೆಣ್ಣೆ ಹಚ್ಚು ಅಂದಳು, ಒಬ್ಬಳು ಸುಣ್ಣ ಅಂದಳು, ನಶ್ಯದ ಪುಡಿ ಮೆತ್ತಿದರೆ ಬೆಳಗಾಗುವುದರೊಳಗೆ ಮಾಯ ಅಂತ ಇನ್ನೊಬ್ಬಳು. ಎದುರು ಮನೆಯಾಕೆ ನನ್ನ ಜೊತೆಗೇ ಹಾಕಿಸಿಕೊಂಡವಳು. ಅವಳಿಗೆ ಒಂದು ಚುಕ್ಕೆಯೂ ಏಳಲಿಲ್ಲ. ಅದನ್ನು ತೋರಿಸುವುದಕ್ಕೆಂದೇ ಬಂದು, ತೋಳು ಮುಂದೆ ಮಾಡಿ, "ನೋಡ್ರಿ, ನಂದು ಎಷ್ಟು ತಣ್ಣಗೈತಿ. ನಿಮ್ಮದು ಉಷ್ಣದ ಮೈ" ಅಂದಳು. ಹಿಡಿದು ಜಗ್ಗೋಣವೆಂದರೆ ನನ್ನ ಕೈ ಏಳುತ್ತಿರಲಿಲ್ಲ.

ಇದೆಲ್ಲ ಸಹಿಸಿಕೊಂಡಿದ್ದೆ. ಜ್ವರ ಇಳಿಯುತ್ತದೆ, ಊತ ಇಳಿಯುತ್ತದೆ, ತಂಗಿಯ ದಿನ ತುಂಬುವುದಕ್ಕೆ ಇನ್ನೂ ಹೊತ್ತಿದೆ ಎಂಬ ಧೈರ್ಯ ಇತ್ತು. ಆದರೆ ಒಂದು ಬೆಳಿಗ್ಗೆ ನಮ್ಮತ್ತೆ ನನ್ನ ತೋಳನ್ನು ಸರಿಯಾಗಿ ನೋಡಿಬಿಟ್ಟರು. ಗುಳ್ಳೆ ದಪ್ಪಗಾಗಿ, ಬೆಳ್ಳಗೆ ಕೀವು ತುಂಬಿ, ನಟ್ಟನಡುವೆ ತಗ್ಗು ಬಿದ್ದಿತ್ತು. ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಸೆರಗು ಕೊರಳಿಗೆ ಸುತ್ತಿಕೊಂಡು, ನನ್ನ ಮುಂದೆ ನೆಲಕ್ಕೆ ಹಣೆ ಹಚ್ಚಿ, "ತಪ್ಪಾತು ತಾಯಿ. ಗುರುತು ಹಿಡೀಲಿಲ್ಲ. ಹೊಟ್ಯಾಗ ಹಾಕ್ಕೋ" ಅಂದರು.

ನಾನು ಹಿಂದೆ ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಶಿವನನ್ನು ಬಿಟ್ಟು ಬೇರೆ ದೇವರಿಲ್ಲ ಅಂತ ನಮ್ಮತ್ತೆ ದಿನಾ ಬೆಳಿಗ್ಗೆ ಹೇಳುತ್ತಿದ್ದರು. ಅಮ್ಮನ ವಿಷಯ ಮಾತ್ರ ಬೇರೆ. ಆಕೆ ಮೈಮೇಲೆ ಬಂದರೆ ರೋಗಿ ರೋಗಿಯಲ್ಲ, ಸಾಕ್ಷಾತ್ ಆಕೆಯೇ. ಹಾಗಾಗಿ ಆ ಗಳಿಗೆಯಿಂದ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುವಂತಿಲ್ಲ, ಖಾರ ಅರೆಯುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ನಾನು ಹೊಸ್ತಿಲು ದಾಟುವಂತಿಲ್ಲ. ತಲೆ ಬಾಚುವಂತಿಲ್ಲ. ಅಮ್ಮ ತಾನಾಗಿ ಇಳಿದು, ಬೇವು ಅರಿಶಿನದ ನೀರು ಹಾಕುವ ತನಕ ಇದೇ ಪಾಡು. ಎಲ್ಲಕ್ಕಿಂತ ಹೆಚ್ಚಿನದೆಂದರೆ, ನನ್ನನ್ನು ಯಾರೂ ಬಯ್ಯುವಂತಿಲ್ಲ.

ಮೊದಲನೇ ದಿನ, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಮದುವೆಯಾಗಿ ಬಂದಂದಿನಿಂದ ಉಪ್ಪಿಗೆ ಬೈಸಿಕೊಂಡವಳು, ನೀರಿಗೆ ಬೈಸಿಕೊಂಡವಳು ನಾನು. ಈಗ ಅದೇ ಬಾಯಿ "ಏಳು ತಾಯಿ, ಎಳನೀರು ಕುಡಿ ತಾಯಿ" ಅನ್ನುತ್ತಿತ್ತು. ಎರಡನೇ ದಿನಕ್ಕೆ ಸಾಕಾಯಿತು. ಮಜ್ಜಿಗೆ ಅನ್ನ, ಅಂಬಲಿ, ಮತ್ತೆ ಮಜ್ಜಿಗೆ ಅನ್ನ. ಒಂದು ಚೂರು ಕೆಂಪು ಖಾರಕ್ಕೆ, ಒಂದು ಹಸಿ ಉಳ್ಳಾಗಡ್ಡಿಗೆ ನನ್ನ ನಾಲಿಗೆ ಅಳುತ್ತಿತ್ತು. ತೋಳಿನ ತುರಿಕೆ ಸಾಲದೆಂದು ಬಾಚದ ತಲೆಯಲ್ಲೂ ತುರಿಕೆ ಶುರುವಾಯಿತು. ಇವರು ಅಂಗಡಿಯಿಂದ ಬಂದವರು ಅಂಗಳದಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ನನ್ನ ಕಡೆ ನೋಡುವುದಕ್ಕೂ ಹೆದರುತ್ತಿದ್ದರು.

"ಇದು ಟೀಕಾದ ಗಾಯರೀ ಅತ್ತಿ" ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. "ಮೈತುಂಬ ಎಲ್ಲೈತಿ? ಅವ ಒತ್ತಿದಲ್ಲೇ ಐತಿ, ಬ್ಯಾರೆ ಕಡೆ ಒಂದರ ಐತೇನು?"

"ಟೀಕಾದ ನೆವದಾಗ ಬಂದಾಳ. ಆಕಿ ಬರಾಕ ಒಂದು ನೆವ ಬೇಕಲ್ಲ."

ಈ ಮಾತಿಗೆ ಏನು ಉತ್ತರ ಹೇಳುತ್ತೀರಿ? ಜ್ವರ ಏರಿದರೆ ಅಮ್ಮ ಉಗ್ರಳಾಗಿದ್ದಾಳೆ. ಇಳಿದರೆ ಬೇವಿಗೆ ತಂಪಾಗಿದ್ದಾಳೆ. ತುರಿಸಿದರೆ ಆಡುತ್ತಿದ್ದಾಳೆ. ನಾನು ತಾಳಲಾರದೆ ಕಿರುಚಿದರೆ, "ನೋಡು, ಸಿಟ್ಟಿಗೆದ್ದಾಳ" ಎಂದು ಮತ್ತೊಂದು ಕೊಡ ನೀರು ತಂದು ಹೊಸ್ತಿಲಿಗೆ ಹಾಕುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ತೋಳಿನ ಹುಣ್ಣಿಗೆ ನಾನು ಯಾವ ಕನ್ನಡಿ ತರಲಿ?

ಗಂಡನಿಗೆ ಹೇಳಿದೆ, ನೀವಾದರೂ ತಿಳಿಸಿ ಹೇಳಿರೆಂದು. ಅಂಗಳದಲ್ಲಿ ನಿಂತು ಮೂಗು ತುರಿಸಿಕೊಳ್ಳುತ್ತಾ, "ನೀ ಹೇಳೂದೂ ಖರೇನ. ಅವ್ವ ಅನ್ನೂದೂ ತಗದು ಹಾಕಾಕ ಬರಂಗಿಲ್ಲ" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಹೀಗಿರುವಾಗ ಹೊಳಗುಂದದಿಂದ ಹತ್ತಿ ಹೇರಿಕೊಂಡು ಬಂದ ಬಂಡಿಯವನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಬಾಗಿಲ ಬೇವು ನೋಡಿ ಬೀದಿಯಲ್ಲೇ ನಿಂತು ಕೂಗಿದ: "ನಿಮ್ಮ ತಂಗೀಗೆ ದಿನ ತುಂಬ್ಯಾವಂತ್ರೀ. ಅಕ್ಕನ್ನ ಬ್ಯಾಗ ಕಳಸ್ರಿ ಅಂದಾರ!" ನಾನು ಎದ್ದು ಬಾಗಿಲಿಗೆ ಬರುವುದರೊಳಗೆ ನಮ್ಮತ್ತೆ ಅಡ್ಡ ನಿಂತು, "ಮನ್ಯಾಗ ತಾಯಿ ಅದಾಳಪ್ಪ, ಮುಂದ ಬರಬ್ಯಾಡ" ಅಂದರು. ಅವನು ಎರಡೂ ಕೈ ಕೆನ್ನೆಗೆ ಬಡಿದುಕೊಂಡು ಓಡಿಯೇ ಹೋದ. ಬರುತ್ತೇನೆ ಅಂತ ಒಂದು ಮಾತು ಹೇಳಿ ಕಳಿಸುವುದಕ್ಕೂ ಆಗಲಿಲ್ಲ.

ಅವತ್ತು ನಾನು ಅತ್ತುಬಿಟ್ಟೆ. ಸಿಟ್ಟಿಗೆ ಅತ್ತೆ. ತಂಗಿ ಈ ಸಲವೂ ಬಾಗಿಲ ಕಡೆ ನೋಡುತ್ತಾ ನೋಯುತ್ತಾಳೆ, ಈ ಸಲವೂ ನಾನು ಇಲ್ಲೇ ಕೊಳೆಯುತ್ತೇನೆ, ಅದೂ ಒಂದು ಗುಳ್ಳೆಯ ಕಾರಣಕ್ಕೆ. ಅಳುವುದನ್ನು ಕಂಡು ನಮ್ಮತ್ತೆ ನಡುಗಿಹೋದರು. "ಏನು ಬೇಕು ತಾಯಿ? ಕೇಳು. ನೀ ಕೇಳಿದ್ದು ಇಲ್ಲ ಅನ್ನಂಗಿಲ್ಲ" ಎಂದು ಕೈ ಮುಗಿದರು.

ಆಗ ನನ್ನ ತಲೆಯಲ್ಲಿ ಒಂದು ದೀಪ ಹತ್ತಿತು. ಅಮ್ಮ ಕೇಳಿದ್ದನ್ನು ಕೊಡಬೇಕು. ಅದು ಅವರದೇ ಕಟ್ಟಳೆ. ನಾನು ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತೆ. ಕೂದಲು ಹೇಗೂ ಕೆದರಿತ್ತು. ಜ್ವರಕ್ಕೆ ಕಣ್ಣು ಹೇಗೂ ಕೆಂಪಾಗಿದ್ದವು. ಮದುವೆಯಾದಾಗಿನಿಂದ ನಾನು ಒಮ್ಮೆಯೂ ಏಕವಚನದಲ್ಲಿ ಮಾತಾಡಿಸದ ಅತ್ತೆಗೆ, "ನಾನು ಹೊಳಗುಂದಕ್ಕ ಹೋಗ್ತೀನಿ. ಬಂಡಿ ಕಟ್ಟಸು" ಅಂದೆ.

ಅವರ ಮುಖ ಬಿಳಿಚಿತು. ನೀರು ಹಾಕುವ ಮುಂಚೆ ಅಮ್ಮನನ್ನು ಮನೆಯಿಂದ ಕಳಿಸುವಂತಿಲ್ಲ. ಅಮ್ಮನೇ ಹೋಗುತ್ತೇನೆಂದರೆ ತಡೆಯುವಂತೆಯೂ ಇಲ್ಲ. ಕಡೆಗೆ, "ಆಗ್ಲಿ ತಾಯಿ. ಒಬ್ಬಾಕಿನ್ನ ಬಿಡಂಗಿಲ್ಲ. ನಾನೂ ಬರ್ತೀನಿ" ಅಂದರು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಬಸ್ಸಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುವುದು ಹೇಗೆ? ಮರುದಿನ ನಸುಕಿನಲ್ಲಿ ಸವಾರಿ ಬಂಡಿ ಬಂತು. ಬಂಡಿಯವನು ಮಹಾ ಭಕ್ತ. ನಮ್ಮತ್ತೆ ಹೇಳುವ ಮುಂಚೆಯೇ ಕಮಾನಿಗೆ ಸುತ್ತಲೂ ಬೇವಿನ ಟೊಂಗೆ ಕಟ್ಟಿದ್ದ, ಎತ್ತಿನ ಕೋಡಿಗೂ ಸಿಕ್ಕಿಸಿದ್ದ. ಒಳಗೆ ಅರಿಶಿನದ ನೀರಿನ ಬಿಂದಿಗೆ, ಮೊಸರನ್ನದ ಗಂಟು, ನಾನು, ನನ್ನ ತೋಳು. ಆ ಕರಿಮಣ್ಣಿನ ದಾರಿಯ ಒಂದೊಂದು ಕೊರಕಲೂ ನನ್ನ ಕಂಕುಳಿಗೆ ಬಂದು ಬಡಿಯುತ್ತಿತ್ತು. ಹಳ್ಳಿ ಬಂದರೆ ಸಾಕು, ಹೆಂಗಸರು ಚೆಂಬು ಹಿಡಿದು ಓಡಿಬಂದು ಗಾಲಿಗೆ ನೀರು ಹಾಕಿ ಕೈಮುಗಿಯುತ್ತಿದ್ದರು. ಭಕ್ತಿ ಜಾಸ್ತಿಯಾಗಿ ಅಲ್ಲ. ನಮ್ಮೂರಲ್ಲಿ ಇಳಿಯಬೇಡ, ಮುಂದಿನ ಊರಿಗೆ ನಡಿ ಅಂತ. ನೆರಳಿಗೆ ಬಂಡಿ ನಿಲ್ಲಿಸೋಣ ಅಂದರೆ ಗಂಡಸರು ಬಂದು ಎತ್ತಿನ ಬಾಲ ತಿರುವಿ ಸೀಮೆ ದಾಟಿಸಿಬಿಡುತ್ತಿದ್ದರು. ಆ ಬೇವನ್ನು ಕಿತ್ತು ಎಸೆಯಪ್ಪ ಎಂದು ಬಂಡಿಯವನಿಗೆ ಹೇಳಿದೆ. "ಶಿವ ಶಿವಾ, ನೀವ ಹಂಗಂದ್ರ ಹೆಂಗ ತಾಯಿ?" ಅಂದು ಇನ್ನೊಂದು ಟೊಂಗೆ ಮುರಿದು ಕಟ್ಟಿದ. ನನಗೆ ಆಗಲೇ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಹೊಳಗುಂದ ಮುಟ್ಟಿದಾಗ ಹೊತ್ತು ಇಳಿದಿತ್ತು. ತಂಗಿಯ ಮನೆಯ ಮುಂದೆ ಬಂಡಿ ನಿಂತಿತು. ಒಳಗಿನಿಂದ ಅವಳ ನರಳುವಿಕೆ ಬೀದಿಗೇ ಕೇಳುತ್ತಿತ್ತು. ನೋವು ಶುರುವಾಗಿಬಿಟ್ಟಿತ್ತು. ನಾನು ಇಳಿದು ಓಡಿದೆ. ಅವಳ ಅತ್ತೆ ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದು ನಿಂತುಬಿಟ್ಟರು.

"ಅಲ್ಲೇ ನಿಂದರ್ರಿ! ಹಡಿಯೋ ಮನಿಗೆ ಅಮ್ಮನ್ನ ಹೊತ್ಕೊಂಡು ಬರ್ತಾರೇನ್ರಿ ಯಾರರ?"

"ಅಮ್ಮ ಅಲ್ರೀ, ಟೀಕಾ! ಮುನಿಸಿಪಾಲ್ಟಿಯವರು ಹಾಕಿದ್ದು!" ಎಂದು ನಾನು ಸೆರಗು ಸರಿಸಿ ತೋಳು ತೋರಿಸಿದೆ. ಅದನ್ನು ನೋಡಿದ್ದೇ ತಡ, ಅವರ ಹಿಂದಿದ್ದ ಹೆಂಗಸರು ಗೋಡೆಗೆ ಹೋಗಿ ಅಂಟಿಕೊಂಡರು. ಕೀವು ತುಂಬಿದ ಗುಳ್ಳೆ, ಜ್ವರದ ಕಣ್ಣು, ಕೆದರಿದ ತಲೆ, ಬೇವು ಕಟ್ಟಿದ ಬಂಡಿ. ಇಷ್ಟೆಲ್ಲ ಹೊತ್ತುಕೊಂಡು ಬಂದು ನಾನು ಅಮ್ಮ ಅಲ್ಲ ಅಂದರೆ ಯಾರು ನಂಬುತ್ತಾರೆ? ನಾನೇ ಆಡಿದ ಆಟ ನನಗೇ ಬಾಗಿಲು ಹಾಕಿತ್ತು.

ಒಳಗಿನಿಂದ ತಂಗಿ ಕೂಗಿದಳು: "ಅಕ್ಕಾ, ಬಂದ್ಯಾ? ಒಳಗ ಬಾರಕ್ಕಾ!"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ ಆಯಿತು. ಬೇಡಿದೆ, ಬೈದೆ, ಕಾಲಿಗೆ ಬೀಳುವುದಕ್ಕೂ ಹೋದೆ. ಆ ಹೆಂಗಸು ಹಿಂದೆ ಸರಿದರೇ ಹೊರತು ಬಾಗಿಲು ಬಿಡಲಿಲ್ಲ. ಕಡೆಗೆ ನನ್ನನ್ನು ಬಿಟ್ಟು, ಬಂಡಿಯ ಪಕ್ಕ ನಿಂತಿದ್ದ ನಮ್ಮತ್ತೆಯ ಕಡೆ ತಿರುಗಿದರು. "ನೀವು ಹಿರ್ಯಾರದೀರಿ, ಬೀಗತಿ. ನಿಮ್ಮ ಮಾತು ನಂಬ್ತೀನಿ. ಲಿಂಗ ಮುಟ್ಟಿ ಹೇಳ್ರಿ, ಇದು ಅಮ್ಮ ಹೌದೋ ಅಲ್ಲೋ?"

ಮುಗಿಯಿತು ಅಂದುಕೊಂಡೆ. ಇಡೀ ವಾರ ನನ್ನ ಕಾಲಿಗೆ ಬಿದ್ದ ಮುದುಕಿ. ಅವರನ್ನು ಕೇಳಿದರೆ ಏನು ಹೇಳುತ್ತಾರೆ ಅಂತ ನನಗೆ ಗೊತ್ತಿಲ್ಲವೇ?

ಒಳಗಿನಿಂದ ತಂಗಿ ಇನ್ನೊಮ್ಮೆ ಅಕ್ಕಾ ಎಂದಳು. ಆಗ ನಮ್ಮತ್ತೆಯ ಕೈ ಕೊರಳಿನ ಲಿಂಗವನ್ನು ಹಿಡಿಯಿತು.

"ಅಮ್ಮ ಅಲ್ಲ" ಅಂದರು. "ಬರೇ ಗುಳ್ಳಿ ಅದು. ಒಳಗ ಬಿಡ್ರಿ."

ನಾನು ಹೊಸ್ತಿಲು ದಾಟಿದೆ.

ತಂಗಿ ನನ್ನ ಒಳ್ಳೆಯ ತೋಳನ್ನು ಹಿಡಿದುಕೊಂಡದ್ದು ಬಿಡಲೇ ಇಲ್ಲ. ಅವಳ ಉಗುರಿನ ಗುರುತು ಬಹಳ ದಿನ ಇತ್ತು. ಆ ತೋಳಿನ ಗಾಯದ ಬಗ್ಗೆ ಯಾರೂ ಏನೂ ಹೇಳಲಿಲ್ಲ ನೋಡಿ. ಸೂಲಗಿತ್ತಿ ನನ್ನ ಟೀಕಾದ ತೋಳಿಗೆ ಒಗೆದ ಧೋತರದ ಚೂರನ್ನು ಬಿಗಿಯಾಗಿ ಸುತ್ತಿ, ಆ ಕೈಯಿಂದ ಕೂಸನ್ನು ಮುಟ್ಟಬೇಡ ಅಂದಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೂಡಲೇ ಮನೆ ಹಾರಿಹೋಗುವ ಹಾಗೆ ಅತ್ತಿತು. ಅದರ ಅಳು ಕೇಳಿ ತಂಗಿ ನಕ್ಕಳು. ಬಾಗಿಲು ತಡೆದ ಅವಳ ಅತ್ತೆಯದೂ ಪೂರಾ ತಪ್ಪಲ್ಲವಂತೆ. ಟೀಕಾದ ಕೀವು ಹಸುಗೂಸಿಗೆ ತಾಗಿದರೆ ಒಳ್ಳೆಯದಲ್ಲ ಅಂತ ವರ್ಷಗಳಾದ ಮೇಲೆ ಒಬ್ಬ ಡಾಕ್ಟರು ಹೇಳಿದರು. ಅದನ್ನು ಟೀಕಾ ಹಾಕಿದವನು ಅವತ್ತೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಬಾಣಂತಿಗೆ ಕುಡಿಯಲು ಕೊಟ್ಟು ಹೊರಗೆ ಬಂದಾಗ ನಮ್ಮತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಬಂದಾಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಉಪಕಾರ ಆಯಿತು ಅನ್ನಬೇಕೆಂದಿದ್ದೆ, ಬಾಯಿಗೆ ಬರಲಿಲ್ಲ. ಅಂಥ ಮಾತು ನಮ್ಮಿಬ್ಬರ ನಡುವೆ ರೂಢಿಯಿರಲಿಲ್ಲ.

"ಈ ಮಾತು ಎರಡನೇ ಸಲ ಆಡೀನಿ ನಾನು" ಅಂದರು.

"ಯಾವ ಮಾತು?"

"ಬರೇ ಗುಳ್ಳಿ ಅಂತ."

ನನ್ನ ಗಂಡನಿಗೆ ಒಬ್ಬ ಅಕ್ಕ ಇದ್ದಳು. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಈ ಸಂಗತಿ ನನಗೆ ಗೊತ್ತಾದದ್ದು ಆ ಕಟ್ಟೆಯ ಮೇಲೆ. ಅವಳು ಚಿಕ್ಕವಳಿದ್ದಾಗ ಒಂದು ಯುಗಾದಿಯ ದಿನ ಬೆನ್ನ ಮೇಲೆ ನಾಲ್ಕು ಗುಳ್ಳೆ ಕಂಡವಂತೆ. ಮಗಳು ಮೈ ಕಾದಿದೆ, ನೀರು ಬೇಡ ಅಂದಳಂತೆ. "ಬಿಸಲಿಗೆ ಎದ್ದಾವ, ಬರೇ ಗುಳ್ಳಿ ಅಂದೆ. ಹಬ್ಬದ ದಿನ ಹಟಾ ಮಾಡ್ತೀಯೇನು ಅಂತ ಎರಡು ಬಡದು, ಎಣ್ಣಿ ಹಚ್ಚಿ, ಸುಡು ಸುಡು ನೀರು ಹಾಕಿದೆ. ಉರೀತೈತೆವ್ವಾ ಅಂತಿತ್ತು ಕೂಸು. ಕೇಳಲಿಲ್ಲ ನಾನು." ಮಗಳು ಉಳಿಯಲಿಲ್ಲ. ಅಮ್ಮನಿಗೆ ಬಿಸಿನೀರು ಹಾಕಿದಳು, ಅಮ್ಮನ ಮೇಲೆ ಕೈ ಮಾಡಿದಳು ಅಂತ ಓಣಿಯೆಲ್ಲ ಇವರ ಮುಖಕ್ಕೇ ಆಡಿತಂತೆ.

"ಅಳಾಕೂ ಬಿಡಲಿಲ್ಲ" ಅಂದರು. "ತಾಯಿ ಕರ್ಕೊಂಡು ಹೋದ ಕೂಸಿಗೆ ಅಳಬಾರದು, ಅತ್ತರ ಮತ್ತ ಸಿಟ್ಟಾಗ್ತಾಳ, ತೊಡಿಮ್ಯಾಲಿನ ಕೂಸಿನ್ನೂ ಒಯ್ತಾಳ ಅಂದ್ರು. ನಿನ್ನ ಗಂಡ ತೊಡಿಮ್ಯಾಲಿದ್ದ. ಅಳಲಿಲ್ಲ ನಾನು."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳುವುದಕ್ಕೆ ಬರುವುದಿಲ್ಲ. ಓಣಿಯ ಮೇಲೆ, ಅಮ್ಮನ ಮೇಲೆ, ಅಕ್ಕನ ವಿಷಯ ಒಂದು ದಿನವೂ ಬಾಯಿಬಿಡದ ಗಂಡನ ಮೇಲೆ. ಇಷ್ಟು ದಿನ ಇವರನ್ನು ಬರಿಯ ಮೂಢ ಮುದುಕಿ ಅಂತ ಬೈದುಕೊಂಡ ನನಗೆ ಈಗ ಬೈಯಲು ಯಾರೂ ಸಿಗದಂತಾದದ್ದಕ್ಕೂ ಸಿಟ್ಟು ಬಂತು.

"ನಿನಗೇನೂ ಆಗಂಗಿಲ್ಲಲ್ಲ?" ಎಂದು ಕೇಳಿದರು.

"ಇಲ್ಲರೀ ಅತ್ತಿ. ಟೀಕಾದ ಗಾಯ ಅದು. ಒಣಗತೈತಿ."

ಅವರು ನಂಬಲಿಲ್ಲ. ಆದೋನಿಗೆ ಹೋಗಿ ಮಗನಿಗೆ ಅಡಿಗೆ ಮಾಡಿಹಾಕಿ ಅಂದರೂ ಹೋಗಲಿಲ್ಲ. ದಿನಾ ಬೆಳಿಗ್ಗೆ ನಾನು ಕೂಸಿನ ಮುಖ ನೋಡುವ ಮುಂಚೆ ಅವರಿಗೆ ನನ್ನ ತೋಳು ತೋರಿಸಬೇಕು. ಬಟ್ಟೆ ಬಿಚ್ಚಿಸಿ, ಬೆಳಕಿಗೆ ಹಿಡಿದು, ಬೆನ್ನು ನೋಡಿ, ಹೊಟ್ಟೆ ನೋಡಿ, ಬೇರೆ ಎಲ್ಲೂ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಬಾಯಿ ಮುಕ್ಕಳಿಸುತ್ತಿದ್ದರು. ಜ್ವರ ಬಿಟ್ಟು, ಊತ ಇಳಿದು, ಕಂಕುಳ ಗಡ್ಡೆ ಕರಗಿದರೂ ಈ ತಪಾಸಣೆ ನಿಲ್ಲಲಿಲ್ಲ. ಸಾಕಪ್ಪಾ ಸಾಕು ಅನಿಸಿಬಿಟ್ಟಿತ್ತು ನನಗೆ. ಆದರೂ ಬಟ್ಟೆ ಬಿಚ್ಚುತ್ತಿದ್ದೆ.

ಗುಳ್ಳೆ ಒಣಗಿ ಕಪ್ಪು ಹಕ್ಕಳೆ ಕಟ್ಟಿತು. ಒಂದು ಬೆಳಿಗ್ಗೆ ಅವರು ಬಟ್ಟೆ ಬಿಚ್ಚುತ್ತಿದ್ದಂತೆ ಅದು ತಾನಾಗಿ ಕಳಚಿ ಅವರ ಅಂಗೈಗೆ ಬಿತ್ತು. ಅದರ ಕೆಳಗೆ ನಸುಗೆಂಪು ಹೊಸ ಚರ್ಮ. ಅವರು ಅದನ್ನು ಬೆರಳಿನಿಂದ ಮುಟ್ಟಿದರು, ಒತ್ತಿ ನೋಡಿದರು. "ಬರೇ ಗುಳ್ಳಿ" ಅಂದರು. ಆಮೇಲೆ ಕುಳಿತಲ್ಲೇ ಬಾಯಿಗೆ ಸೆರಗೂ ಹಿಡಿಯದೆ, ಎದೆ ಬಡಿದುಕೊಂಡು, ಮಗಳ ಹೆಸರು ಹಿಡಿದು ಅಳತೊಡಗಿದರು.

ತಂಗಿಯ ಅತ್ತೆ ಅಡಿಗೆಮನೆಯಿಂದ ಓಡಿಬಂದರು. "ಬಾಣಂತಿ ಮನ್ಯಾಗ ಹಿಂಗ ಅಳ್ತಾರೇನು? ಸಾಕು ಮಾಡಸ್ರಿ, ಕೂಸಿಗೆ ಒಳ್ಳೇದಲ್ಲ!"

ನಾನು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಅಳಲಿ ಬಿಡ್ರಿ" ಅಂದೆ. "ಯಾರೂ ಒಳಗ ಬರಬ್ಯಾಡ್ರಿ."